ಬ್ರಂಡಲ್ ದೈತ್ಯ ಮಲಗಿರುವ ಭಂಗಿಯ ಕುರಿತು

ಥಾರ್ಲ್‌ಬಿ ಗ್ರಾಮದ ಚರ್ಚಿನ ಅಂಗಳದಲ್ಲಿ, ಗಂಟೆಗೋಪುರದ ಉತ್ತರ ಮಗ್ಗುಲಿಗೆ, ಇಪ್ಪತ್ತೊಂದು ಅಡಿ ಎತ್ತರದ ಬ್ರಂಡಲ್ ಎಂಬ ದೈತ್ಯನನ್ನು ಹೂಳಲಾಗಿದೆ. ತಲೆಯ ಕಡೆ ಒಂದು ಕಲ್ಲು ಇದೆ, ಕಾಲಿನ ಕಡೆ ಒಂದು ಕಲ್ಲು ಇದೆ, ನಡುವೆ ಹುಲ್ಲು ಇದೆ. ಈ ಸಂಗತಿಯ ಬಗ್ಗೆ ಗ್ರಾಮದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾರೂ ಅದರ ಬಗ್ಗೆ ಯೋಚಿಸಿಯೂ ಇರಲಿಲ್ಲ.

ನಾನು ಸದರಿ ಗ್ರಾಮದ ಪಂಚಾಯಿತಿಯ ಗುಮಾಸ್ತ. ಸಭೆ ಕರೆಯುವುದು, ನಡಾವಳಿ ಬರೆಯುವುದು, ಬಸ್ ತಂಗುದಾಣದ ಗಾಜು ಒಡೆದಾಗ ಜಿಲ್ಲೆಗೆ ತಿಳಿಸುವುದು ನನ್ನ ಕೆಲಸ. ನನಗೆ ಮತದಾನದ ಹಕ್ಕಿಲ್ಲ, ಅಭಿಪ್ರಾಯ ಇಟ್ಟುಕೊಳ್ಳುವುದಕ್ಕೂ ಅವಕಾಶವಿಲ್ಲ. ಹಾಗಾಗಿ ಮುಂದೆ ಬರುವುದೆಲ್ಲ ನಡೆದದ್ದು ನಡೆದ ಹಾಗೆ.

ಬ್ರಂಡಲ್‌ನ ಪೂರ್ವಚರಿತ್ರೆ ಇಷ್ಟು. ಚರ್ಚು ಕಟ್ಟುವ ಕಾಲದಲ್ಲಿ ಅವನು ಬೆಟ್ಟದ ಆಚೆಯಿಂದ ಕಲ್ಲುಗಳನ್ನು ಮಡಿಲಲ್ಲಿ ಕಟ್ಟಿಕೊಂಡು ತರುತ್ತಿದ್ದ. ಕೆಲಸ ಮುಗಿದ ದಿನ ಗೋಪುರಕ್ಕೆ ಒರಗಿ ಸುಧಾರಿಸಿಕೊಂಡ. ಅಂದಿನಿಂದ ಗೋಪುರ ದಕ್ಷಿಣಕ್ಕೆ ವಾಲಿದೆ. ದಕ್ಷಿಣ ಮಗ್ಗುಲಿನ ಜೇಡಿಮಣ್ಣು ಕುಸಿದು ಹಾಗಾಗಿದೆ ಎಂದು ಇಂಜಿನಿಯರುಗಳು ಹೇಳುತ್ತಾರೆ. ಅವರು ಹೊರಗಿನವರು.

ಸತ್ತ ಮೇಲೂ ಅವನು ಗ್ರಾಮಕ್ಕೆ ದುಡಿಯುವುದನ್ನು ಬಿಟ್ಟಿಲ್ಲ. ಹೆದ್ದಾರಿಯಲ್ಲಿ ‘ದೈತ್ಯನ ಸಮಾಧಿ’ ಎಂಬ ಕಂದು ಬಣ್ಣದ ಸರ್ಕಾರಿ ಬೋರ್ಡಿದೆ. ಅದನ್ನು ನೋಡಿ ತಿರುಗಿ ಬಂದವರು ಚರ್ಚಿನ ಗೇಟಿನೆದುರು ಇರುವ ಟೀ ಅಂಗಡಿಯಲ್ಲಿ ಮೊಳದುದ್ದದ ಶುಂಠಿ ಬಿಸ್ಕತ್ತು ಕೊಳ್ಳುತ್ತಾರೆ. ಅಂಗಡಿ ಪ್ರುಡೆನ್ಸ್ ಕಲ್‌ಶಾ ಅವರದ್ದು. ಪಂಚಾಯಿತಿಯ ಅಧ್ಯಕ್ಷರೂ ಅವರೇ. ಆಮೇಲೆ ‘ದೈತ್ಯನ ಮೊಣಕೈ’ ಎಂಬ ಪಬ್ಬಿಗೆ ಹೋಗುತ್ತಾರೆ. ಅದು ಕ್ಲೆಮ್ ಡ್ರೂರಿಯವರದ್ದು. ಉಪಾಧ್ಯಕ್ಷರೂ ಅವರೇ. ಮೂರನೆಯ ಸದಸ್ಯರು ಪಾದ್ರಿ ಫೆಲಿಕ್ಸ್ ಓಡ್. ಏಳು ಊರುಗಳ ಚರ್ಚು ಅವರೊಬ್ಬರ ತಲೆಯ ಮೇಲಿರುವುದರಿಂದ ಅವರು ಪ್ರಾರ್ಥನೆ ಮಾಡುವಾಗಲೂ ಕಾರಿನ ಬೀಗದ ಕೈ ಬೆರಳಲ್ಲೇ ಇರುತ್ತದೆ.

ನಮ್ಮ ಚರ್ಚಿನ ಅಂಗಳ ತುಂಬಿ ಬಹಳ ಕಾಲವಾಗಿದೆ. ಸತ್ತವರನ್ನು ಟೌನಿನ ಸ್ಮಶಾನಕ್ಕೆ ಒಯ್ಯಬೇಕು. ಅದು ನೆಲಹಾಸು ಮಾರುವ ಗೋದಾಮಿನ ಹಿಂದಿದೆ. ಭಾನುವಾರ ಅಲ್ಲಿಗೆ ಬಸ್ಸಿಲ್ಲ. ಗ್ರಾಮಸ್ಥರು ಇದರ ಬಗ್ಗೆ ಎಂದೂ ದೂರು ಕೊಟ್ಟವರಲ್ಲ, ಸಾಯುವುದನ್ನು ಆದಷ್ಟು ಮುಂದೂಡಿಕೊಂಡು ಬಂದಿದ್ದರು.

ಹೀಗಿರುವಾಗ ಫೆಬ್ರವರಿಯಲ್ಲಿ ಆರ್ನಾಲ್ಡ್ ಮಾಲ್ಟ್‌ಬಿ ತೀರಿಕೊಂಡರು.

ಆರ್ನಾಲ್ಡ್ ಚರ್ಚಿನ ಗಂಟೆ ಬಾರಿಸುತ್ತಿದ್ದವರು, ಅಂಗಳದ ಹುಲ್ಲು ಕತ್ತರಿಸುತ್ತಿದ್ದವರು. ಮಧ್ಯಾಹ್ನ ದೈತ್ಯನ ಕಾಲುಗಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಟೌನು ಕಂಡರೆ ಅವರಿಗಾಗುತ್ತಿರಲಿಲ್ಲ. ಒಮ್ಮೆ ಹಲ್ಲು ಕೀಳಿಸಲು ಹೋದವರು ಐದಂತಸ್ತಿನ ಕಾರು ನಿಲ್ದಾಣದಲ್ಲಿ ದಾರಿ ತಪ್ಪಿ, ಕತ್ತಲಾಗುವವರೆಗೂ ಮೇಲೆ ಕೆಳಗೆ ಸುತ್ತಿದ್ದರು. ಕಾರು ಸಿಗದೆ ನಡೆದುಕೊಂಡೇ ಊರು ಸೇರಿ, ಇನ್ನು ಸತ್ತರೂ ಆ ಕಡೆ ತಲೆ ಹಾಕುವುದಿಲ್ಲ ಎಂದು ಹೆಂಡತಿಯ ಮುಂದೆ ಹೇಳಿದ್ದರು. ಹೆಂಡತಿ ಹೆಸ್ಟರ್ ಅದನ್ನು ಮಾತಿಗೆ ಹೇಳಿದ್ದೆಂದು ತಿಳಿಯಲಿಲ್ಲ. ನಲವತ್ತಾರು ವರ್ಷ ಜೊತೆಗಿದ್ದವರು, ಗಂಡ ಯಾವುದನ್ನು ಮಾತಿಗೆ ಹೇಳುತ್ತಾರೆ, ಯಾವುದನ್ನು ಮನಸ್ಸಿನಿಂದ ಹೇಳುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಪಂಚಾಯಿತಿ ಸಭೆ ಗ್ರಾಮದ ಸಭಾಂಗಣದಲ್ಲಿ ನಡೆಯುತ್ತದೆ. ಆ ಸಂಜೆ ನಾಯಿಗಳ ಮಲದ ವಿಷಯ ಚರ್ಚೆಯಲ್ಲಿತ್ತು. ಹೆಸ್ಟರ್ ಭಾನುವಾರದ ಕೋಟು ಹಾಕಿಕೊಂಡು, ತಾವೇ ಮನೆಯಲ್ಲಿ ಮಾಡಿದ ಒಣದ್ರಾಕ್ಷಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ಬಂದು, ಹಿಂದಿನ ಕುರ್ಚಿಯಲ್ಲಿ ಕೂತರು. ನಾಯಿಗಳ ವಿಷಯ ಮುಗಿಯುವವರೆಗೆ ಕಾದು, ಎದ್ದು ನಿಂತರು.

"ದೈತ್ಯನ ಕಾಲ ಹತ್ರ ಜಾಗ ಇದ್ಯಲ್ಲ, ಅಲ್ಲಿ ನಮ್ಮೋರನ್ನ ಮಲಗಿಸ್ಬೇಕು," ಎಂದರು. "ಇರೋದೇ ಐದಡಿ ನಾಲ್ಕಿಂಚು. ಹಿಡಿಸ್ತಾರೆ."

ಅಧ್ಯಕ್ಷರು ಕನ್ನಡಕ ತೆಗೆದರು. "ಹೆಸ್ಟರ್, ಅದು ಸಮಾಧಿ ಕಣ್ರೀ. ಅಲ್ಲಿ ಒಬ್ರು ಇದ್ದಾರೆ."

"ಯಾರಿದ್ದಾರೆ ಪ್ರೂ? ಚಿಕ್ಕೋಳಿದ್ದಾಗ ನೀನೇ ಅಲ್ಲಿ ಲಾಗ ಹಾಕ್ತಿದ್ದೆ."

"ಆಗ ನಾನು ಅಧ್ಯಕ್ಷೆ ಆಗಿರ್ಲಿಲ್ಲ."

"ಯಾರೂ ಇಲ್ಲ ಅಂತ ನಾವು ಬರೆದುಬಿಟ್ರೆ," ಎಂದು ಕ್ಲೆಮ್ ಡ್ರೂರಿ ಬಾಯಿ ಹಾಕಿದರು, "ನಾಳೆನೇ ಹೆದ್ದಾರಿ ಬೋರ್ಡು ಕಿತ್ಕೊಂಡು ಹೋಗ್ತಾರೆ. ಆಮೇಲೆ ನನ್ನ ಪಬ್ಬಿಗೆ ಏನಂತ ಹೆಸರಿಡ್ಲಿ? ಬರೀ ಮೊಣಕೈ ಅಂತ್ಲಾ?"

ಪಾದ್ರಿಗಳು ಬೀಗದ ಕೈ ತಿರುಗಿಸುತ್ತ ಇನ್ನೊಂದು ತೊಡಕು ಮುಂದಿಟ್ಟರು. ಬ್ರಂಡಲ್‌ಗೆ ಜ್ಞಾನಸ್ನಾನ ಆಗಿದೆಯೋ ಇಲ್ಲವೋ ಎಂಬುದು ಮುಖ್ಯ. ಆಗಿಲ್ಲದಿದ್ದರೆ ಅವನು ಚರ್ಚಿನ ಅಂಗಳದಲ್ಲಿರುವುದೇ ಅಕ್ರಮ. ಆಗಿದ್ದರೆ ಅವನು ಚರ್ಚಿನ ಸದಸ್ಯ, ಅಲುಗಿಸುವಂತಿಲ್ಲ.

"ಆಗಿದೆ," ಎಂದರು ಅಧ್ಯಕ್ಷರು. "ಚರ್ಚಿನ ತೊಟ್ಟಿಯಲ್ಲಿ ತಲೆ ಹಿಡಿಸದೆ ಗಿರಣಿ ಕೆರೆಗೆ ಕರ್ಕೊಂಡು ಹೋಗಿದ್ರಂತೆ. ನಮ್ಮಜ್ಜಿ ಹೇಳ್ತಿದ್ರು."

ಅದನ್ನು ದಾಖಲು ಮಾಡಲಾಯಿತು. ಹೆಸ್ಟರ್ ಇನ್ನೂ ನಿಂತೇ ಇದ್ದರು.

"ಅವರು ಈಗ್ಲೇ ಟೌನಲ್ಲಿದ್ದಾರೆ," ಎಂದರು. "ಹೆಣ ಸಾಗಿಸೋರ ಕೋಣೇಲಿ. ಬಾಗಿಲ ಎದುರಿಗೇ ಆ ಕಾರು ನಿಲ್ದಾಣ. ನಾನು ನೋಡಿ ಬಂದೆ. ತಡ ಮಾಡ್ಬೇಡಿ."

ಅಧ್ಯಕ್ಷರು ನನ್ನ ಕಡೆ ನೋಡಿದರು. ತೀರ್ಮಾನ ತೆಗೆದುಕೊಳ್ಳಲು ಇಷ್ಟವಿಲ್ಲದಿದ್ದಾಗ ಅವರು ನನ್ನ ಕಡೆ ನೋಡುತ್ತಾರೆ, ನಾನು ಜಿಲ್ಲಾ ಕಚೇರಿಗೆ ಬರೆಯುತ್ತೇನೆ. ಅಂದೂ ಹಾಗೇ ಆಯಿತು.

ಜಿಲ್ಲಾ ಕಚೇರಿಯಿಂದ ಪ್ರಾಚೀನ ಸ್ಮಾರಕಗಳ ಅಧಿಕಾರಿ ಗರೆತ್ ಪಿಮ್ ಬಂದರು. ಮಳೆಯಂಗಿ ಹಾಕಿದ, ಟೇಪು ಹಿಡಿದ, ಯಾವುದಕ್ಕೂ ಆಶ್ಚರ್ಯಪಡದ ಮನುಷ್ಯ. ತಲೆಗಲ್ಲು, ಕಾಲುಗಲ್ಲು ಎರಡೂ ಸರ್ಕಾರದ ಪಟ್ಟಿಯಲ್ಲಿರುವುದರಿಂದ ಅವುಗಳನ್ನು ಬೆರಳಗಲವೂ ಸರಿಸುವಂತಿಲ್ಲ ಎಂದು ಮೊದಲಿಗೇ ಹೇಳಿದರು. ನಂತರ ಸಭಾಂಗಣದಲ್ಲಿ ಕೂತು ನಿಯಮ ವಿವರಿಸಿದರು.

"ಎರಡೇ ದಾರಿ ಇರೋದು. ಸಮಾಧಿಯಲ್ಲಿ ಯಾರೂ ಇಲ್ಲ ಅಂತ ಆದ್ರೆ ಜಾಗ ಖಾಲಿ, ನೀವು ಬಳಸ್ಕೋಬಹುದು. ಆದ್ರೆ ಆಗ ಹೆದ್ದಾರಿ ಬೋರ್ಡು ಸಾರ್ವಜನಿಕರನ್ನ ದಾರಿ ತಪ್ಪಿಸಿದ ಹಾಗಾಗುತ್ತೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ‘ನಿಜವಾದ ದೈತ್ಯನ ಊರಿನಿಂದ’ ಅಂತ ಇದೆ. ಅದನ್ನೂ ತೆಗೀಬೇಕು."

"ಇದ್ದಾನೆ ಅಂತ ಆದ್ರೆ?" ಎಂದರು ಅಧ್ಯಕ್ಷರು.

"ಇದ್ದಾರೆ ಅಂತ ಆದ್ರೆ ವಾರಸುದಾರರ ಒಪ್ಪಿಗೆ ಬೇಕು."

ದೈತ್ಯನು ಇದ್ದಾನೆ ಎಂದು ಅಲ್ಲಿಯೇ ಸರ್ವಾನುಮತದಿಂದ ಠರಾವು ಆಯಿತು. ಅಂದಿನಿಂದ ಅಧಿಕಾರಿಗಳು ಅವನನ್ನು ಬಹುವಚನದಲ್ಲಿಯೇ ಸಂಬೋಧಿಸಿದರು. ಚರ್ಚಿನ ಗೇಟಿಗೆ ನಾನು ಅಂಟಿಸಿದ ಪ್ರಕಟಣೆ ಹೀಗಿತ್ತು:

"ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಚರ್ಚಿನ ಉತ್ತರ ಭಾಗದಲ್ಲಿ ವಾಸ್ತವ್ಯವಿರುವ ದಿವಂಗತ ಶ್ರೀ ಬ್ರಂಡಲ್, ವೃತ್ತಿ: ಕಲ್ಲು ಸಾಗಣೆ, ಇವರ ಪಾದಗಳ ಸಮೀಪ ಇನ್ನೊಬ್ಬರನ್ನು ಹೂಳಲು ಉದ್ದೇಶಿಸಲಾಗಿದೆ. ಇವರ ರಕ್ತಸಂಬಂಧಿಗಳು ಯಾರಾದರೂ ಇದ್ದಲ್ಲಿ, ಎಷ್ಟೇ ಎತ್ತರವಿರಲಿ, ಖುದ್ದಾಗಿ ಹಾಜರಾಗಿ ಆಕ್ಷೇಪಣೆ ಸಲ್ಲಿಸತಕ್ಕದ್ದು."

ಯಾರೂ ಬರುವುದಿಲ್ಲ ಎಂದು ಎಲ್ಲರೂ ಎಣಿಸಿದ್ದರು. ಗುರುವಾರ, ಆಕ್ಷೇಪಣೆ ಕೇಳಲು ಕರೆದ ಸಭೆಗೆ, ಒಬ್ಬರು ಬಂದರು.

ಹೆಸರು ಡಗ್ಲಸ್ ಬ್ರಂಡಲ್. ಕರಾವಳಿಯ ಕಡೆಯವರು, ಹಂದಿಗಳನ್ನು ಸಾಗಿಸುವ ಲಾರಿಯ ಚಾಲಕ. ಪಬ್ಬಿನಲ್ಲಿ ಯಾರೋ ಪ್ರಕಟಣೆಯ ವಿಷಯ ಹೇಳಿದ್ದರಂತೆ. ಸಂಬಂಧಕ್ಕೆ ಪುರಾವೆ ಏನೆಂದು ಕೇಳುವ ಮೊದಲೇ ಅವರ ಹಣೆ ಸಭಾಂಗಣದ ಬಾಗಿಲ ಮೇಲುಪಟ್ಟಿಗೆ ಬಡಿಯಿತು. ಪಿಮ್ ಅವರು ಅದನ್ನು ಪುರಾವೆ ಎಂದು ಬರೆದುಕೊಂಡರು.

ಹೆಸ್ಟರ್ ಎದ್ದು ಹೋಗಿ ಒದ್ದೆ ಬಟ್ಟೆ ತಂದು ಅವರ ಹಣೆಗಿಟ್ಟರು, ತಾವು ತಂದಿದ್ದ ಬ್ರೆಡ್ಡಿನ ಒಂದು ತುಂಡಿಗೆ ಬೆಣ್ಣೆ ಸವರಿ ಕೊಟ್ಟರು. ಡಗ್ಲಸ್ ಎರಡು ಕುರ್ಚಿ ಜೋಡಿಸಿಕೊಂಡು ಕೂತರು.

"ನಿಮ್ಮ ಆಕ್ಷೇಪಣೆ ಏನು?" ಎಂದರು ಪಿಮ್.

"ಆಕ್ಷೇಪಣೆ ಏನಿಲ್ಲ ಸಾರ್. ನೋಡ್ಕೊಂಡು ಹೋಗೋಣ ಅಂತ ಬಂದೆ. ನಮ್ಮ ಮನೇಲಿ ಎಲ್ರೂ ಹಿಂಗೇ ಇರೋದು, ಯಾಕೆ ಅಂತ ಯಾರೂ ಹೇಳಿರ್ಲಿಲ್ಲ." ಬ್ರೆಡ್ಡು ಕಚ್ಚಿದರು. "ಬಹಳ ಚೆನ್ನಾಗಿದೆ ಅಮ್ಮ. ನಿಮ್ಮ ಯಜಮಾನ್ರನ್ನಾ ಅಲ್ಲಿ ಮಲಗಿಸ್ಬೇಕಾಗಿರೋದು?"

"ಹೂಂ ಕಣಪ್ಪ. ಕಾಲ ಹತ್ರ. ನಿಮ್ಮ ಹಿರೀಕರಿಗೆ ಇಕ್ಕಟ್ಟಾಗುತ್ತೆ ಅಂತಾರೆ ಇವರು."

"ಇಕ್ಕಟ್ಟು ಹೆಂಗಾಗುತ್ತೆ? ನಮ್ಮ ವಂಶದಲ್ಲಿ ಕಾಲು ಚಾಚಿ ಮಲಗ್ದೋರು ಯಾರೂ ಇಲ್ಲ. ಹಿಡಿಸೋ ಮಂಚನೇ ಇಲ್ವಲ್ಲ. ನಮ್ಮಪ್ಪ, ನಮ್ಮ ತಾತ, ನಾನು, ಎಲ್ರೂ ಮಂಡಿ ಮಡಚ್ಕೊಂಡೇ ಮಲಗೋದು. ಅಭ್ಯಾಸ ಆಗ್ಬಿಟ್ರೆ ಆಮೇಲೆ ಮೈದಾನ ಕೊಟ್ರೂ ಹಂಗೇ."

ಪಿಮ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

"ಹಾಗಾದ್ರೆ ಕಾಲುಗಲ್ಲು ಅಷ್ಟು ದೂರ ಯಾಕಿದೆ?" ಎಂದರು ಪಿಮ್.

ಇದಕ್ಕೆ ಅಧ್ಯಕ್ಷರೇ ಉತ್ತರ ಕೊಟ್ಟರು. "ಬೆಳೆಯೋ ಮಕ್ಕಳಿಗೆ ಅಂಗಿ ಉದ್ದ ಇಟ್ಟು ಹೊಲಿಸಲ್ವೇ? ಹಾಗೆ. ಸತ್ತಾಗ ಅವನಿಗೆ ಅಂಥ ವಯಸ್ಸೇನೂ ಆಗಿರ್ಲಿಲ್ಲ."

ಹೀಗಾಗಿ, ಸದರಿ ದೈತ್ಯನು ಮಂಡಿ ಮಡಚಿಕೊಂಡು ಮಲಗಿರುವನೆಂದೂ, ಮಂಡಿಯಿಂದ ಕಾಲುಗಲ್ಲಿನವರೆಗಿನ ಜಾಗದಲ್ಲಿ ಇಬ್ಬರನ್ನು ಪಕ್ಕಪಕ್ಕದಲ್ಲಿ ಹೂಳಬಹುದೆಂದೂ ತೀರ್ಮಾನವಾಯಿತು. ಎರಡನೆಯ ಜಾಗ ಯಾರಿಗೆಂದು ಯಾರೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವಿದೆಯೆಂದು ಹೆಸ್ಟರ್‌ಗೆ ಹೊಳೆಯಲಿಲ್ಲ.

ಆರ್ನಾಲ್ಡ್ ಅವರ ಅಂತ್ಯಕ್ರಿಯೆ ಗಾಳಿ ಬೀಸುತ್ತಿದ್ದ ಒಂದು ಮಂಗಳವಾರ ನಡೆಯಿತು. ಗುಂಡಿ ತೋಡುವವನು ಸಲಿಕೆಯನ್ನು ಮೆಲ್ಲಗೆ ಹಾಕುತ್ತಿದ್ದ. ಸುಣ್ಣಗಲ್ಲು ಬಿಟ್ಟರೆ ಏನೂ ಸಿಗಲಿಲ್ಲ. ಇದರಿಂದ ದೈತ್ಯನ ಮಂಡಿ ಮಡಚಿರುವುದು ಖಚಿತವಾಯಿತೆಂದು ಪಿಮ್ ಷರಾ ಬರೆದರು. ಡಗ್ಲಸ್ ಬ್ರಂಡಲ್ ಕುಟುಂಬದ ಪರವಾಗಿ ಬಂದು, ಎಲ್ಲರ ತಲೆಯ ಮೇಲಿನಿಂದ ನೋಡುತ್ತ ನಿಂತಿದ್ದರು. ಪೆಟ್ಟಿಗೆ ಇಳಿಸುವಾಗ ಹಗ್ಗ ಹಿಡಿಯುವವರಲ್ಲಿ ಒಬ್ಬರು ಕಡಿಮೆ ಬಿದ್ದರು, ಡಗ್ಲಸ್ ಅವರೇ ಹಿಡಿದರು. ಗೋಪುರದಲ್ಲಿ ಆರ್ನಾಲ್ಡ್ ಅವರ ಗಂಟೆಯ ಹಗ್ಗಕ್ಕೆ ಆ ದಿನ ಬೇರೆಯವರು ಕೈ ಹಾಕಿದ್ದರಿಂದ ಗಂಟೆ ಒಂದು ಸಲ ತಪ್ಪಿ ಹೊಡೆಯಿತು. ಹೆಸ್ಟರ್ ಮುಖ ಎತ್ತಿ ಗೋಪುರದ ಕಡೆ ನೋಡಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಇಲ್ಲಿಗೆ ವಿಷಯ ಮುಗಿಯಬೇಕಾಗಿತ್ತು. ಆದರೆ ಊರಲ್ಲಿ ಜಾಗ ಇದೆ ಎಂಬ ಸುದ್ದಿ ಒಮ್ಮೆ ಎದ್ದ ಮೇಲೆ ಮಲಗುವುದಿಲ್ಲ.

ಮೊದಲು ಕ್ಲೆಮ್ ಡ್ರೂರಿಯವರಿಗೆ ಎದೆ ಹಿಡಿದಂತಾಯಿತು. ವೈದ್ಯರು ವಾಯು ಎಂದರು. ಆದರೂ ಅವರು ಮುಂದಿನ ಸಭೆಯಲ್ಲಿ, ದೈತ್ಯನು ಅಂಗಾತ ಮಲಗಿದ್ದಾನೋ ಮಗ್ಗುಲಾಗಿದ್ದಾನೋ ಎಂಬ ಪ್ರಶ್ನೆ ಎತ್ತಿದರು. ಡಗ್ಲಸ್ ಅವರನ್ನು ಕರೆಸಲಾಯಿತು. ಈ ಸಲ ಅವರು ಬಾಗಿ ಒಳಗೆ ಬಂದರು.

"ಚಳಿ ಇದ್ರೆ ಮಗ್ಗುಲಾಗೇ," ಎಂದರು. "ಮಂಡಿ ಎದೆಗೆ ಹಚ್ಕೊಂಡು, ಮುದುರ್ಕೊಂಡು."

"ಉತ್ತರ ಮಗ್ಗುಲು ಅದು. ಬಿಸಿಲೇ ಬೀಳಲ್ಲ," ಎಂದರು ಪಾದ್ರಿಗಳು. ಅವರು ಏಳು ಊರುಗಳ ಪೈಕಿ ಯಾವುದರಲ್ಲಿ ಮಣ್ಣಾಗಬೇಕೆಂದು ಬಹುದಿನದಿಂದ ಯೋಚಿಸುತ್ತಿದ್ದವರು.

ದೈತ್ಯನು ಮಗ್ಗುಲಾಗಿ ಮುದುರಿಕೊಂಡಿರುವನೆಂದೂ, ತಲೆಗಲ್ಲಿನ ಬಳಿಯ ಮೂರನೇ ಒಂದು ಭಾಗ ಮಾತ್ರ ಅವನಿಗೆ ಸಾಕೆಂದೂ ಠರಾವಾಯಿತು. ನಡುವಣ ಜಾಗದಲ್ಲಿ ಮೂವರಿಗೆ ಅನುಕೂಲವಾಯಿತು: ಕ್ಲೆಮ್ ಡ್ರೂರಿ, ಪಾದ್ರಿ ಓಡ್, ಮತ್ತು ಇವರಿಬ್ಬರಿಂದ ಆದಷ್ಟು ದೂರಕ್ಕೆ, ಕ್ಲೆಮ್ ಅವರ ಅತ್ತೆ. ಆಕೆಗೆ ಇದನ್ನು ತಿಳಿಸಿರಲಿಲ್ಲ. ಜಾಗ ಕಾದಿರಿಸಿದವರ ಹೆಸರು ಬರೆದು ಮರದ ಗೂಟಗಳನ್ನು ನೆಡಲಾಯಿತು.

ಏಪ್ರಿಲ್‌ನಲ್ಲಿ ಹೆಸ್ಟರ್ ಗಂಡನ ಮಗ್ಗುಲಲ್ಲಿ ಹೂವಿನ ಗೆಡ್ಡೆ ಊರಲು ಹೋದಾಗ, ಅಲ್ಲಿಯೂ ಒಂದು ಗೂಟ ಕಂಡಿತು. ಅದರ ಮೇಲೆ ‘ಪ್ರುಡೆನ್ಸ್ ಕಲ್‌ಶಾ’ ಎಂದು ಬರೆದಿತ್ತು.

ಅವರು ಮೊಣಕಾಲಿನ ಮಣ್ಣು ಕೂಡ ಕೊಡವದೆ ನೇರ ಟೀ ಅಂಗಡಿಗೆ ನಡೆದರು. ಪಂಚಾಯಿತಿಯ ಪತ್ರಗಳಿಗೆ ಸಹಿ ಹಾಕಿಸಿಕೊಳ್ಳಲು ನಾನು ಅಲ್ಲಿಯೇ ಇದ್ದೆ.

"ಪ್ರೂ, ಆ ಗೂಟ ಯಾರದು?"

"ನಂದೇ ಹೆಸ್ಟರ್." ಅಧ್ಯಕ್ಷರು ತಟ್ಟೆಗಳನ್ನು ಜೋಡಿಸುವುದನ್ನು ನಿಲ್ಲಿಸಲಿಲ್ಲ. "ಆ ಒಂದು ಜಾಗದಿಂದ ಮಾತ್ರ ನನ್ನ ಅಂಗಡಿ ಕಾಣುತ್ತೆ. ಬೇರೆ ಎಲ್ಲಾ ಕಡೆ ಆ ದೊಡ್ಡ ಮರ ಅಡ್ಡ ಬರುತ್ತೆ."

"ಸತ್ತ ಮೇಲೆ ಅಂಗಡಿ ಯಾಕೆ ಕಾಣ್ಬೇಕು ನಿನಗೆ?"

"ನನ್ನ ಸೊಸೆ ಹೇಗೆ ನಡೆಸ್ತಾಳೆ ಅಂತ ಗೊತ್ತಾಗೋದು ಬೇಡ್ವಾ?"

ಹೆಸ್ಟರ್ ಒಂದು ಕುರ್ಚಿ ಎಳೆದುಕೊಂಡು ಕೂತರು. "ಬದುಕಿದ್ದಷ್ಟು ದಿನ ನನ್ನ ಗಂಡ ನಿನ್ನ ಅಂಗಡಿ ಟೀ ಬಾಯಿಗಿಡ್ಲಿಲ್ಲ. ಪಾತ್ರೆ ತೊಳೆದ ನೀರು ಅಂತಿದ್ರು. ಈಗ ಹೋಗಿ ಅವರ ಪಕ್ಕದಲ್ಲಿ ಮಲಗ್ತೀಯಾ? ಎಷ್ಟು ದಿನ ಅಂತ ಲೆಕ್ಕ ಹಾಕಿದ್ದೀಯಾ? ಕಡೇ ದಿನದ ತನಕ, ಪ್ರೂ. ಇಬ್ರೂ ಏನ್ ಮಾತಾಡ್ತೀರಿ?"

"ನಾನೇನು ಮಾತಾಡಲ್ಲ."

"ಅವರು ಆಡ್ತಾರೆ. ನಿಂಗೊತ್ತಿಲ್ಲ. ನಿದ್ದೆಯಲ್ಲೆಲ್ಲ ಗಂಟೆ ಲೆಕ್ಕ ಹಾಕ್ತಾರೆ, ಒಂದು ತಪ್ಪಿದ್ರೆ ಮತ್ತೆ ಮೊದಲಿಂದ. ಕೈ ಹಿಡಿದ್ರೆ ಸುಮ್ಮನಾಗ್ತಾರೆ. ನೀನು ಹಿಡೀತೀಯಾ?"

ಅಧ್ಯಕ್ಷರ ಕೈಯಲ್ಲಿದ್ದ ತಟ್ಟೆ ಮೇಜಿನ ಮೇಲೆ ಕೂತಿತು. ಅವರು ಕಟುಕ ಹೆಂಗಸಲ್ಲ. ಆದರೆ ಗೂಟ ನೆಟ್ಟಾಗಿತ್ತು, ನಡಾವಳಿಗೆ ಸಹಿ ಆಗಿತ್ತು. ಕ್ಲೆಮ್ ತಮ್ಮ ಜಾಗ ಬಿಡುವುದಿಲ್ಲ. ಪಾದ್ರಿಗಳನ್ನು ಕೇಳುವ ಹಾಗಿಲ್ಲ. ಅತ್ತೆಯ ಜಾಗ ಕೇಳಿದರೆ ಅತ್ತೆಗೆ ವಿಷಯ ತಿಳಿಯುತ್ತದೆ.

"ಸಭೆಗೆ ತಗೊಂಡು ಬಾ," ಎಂದರು. "ಇಲ್ಲಿ ನಾನು ಬರೀ ಟೀ ಮಾರೋಳು."

ಹೆಸ್ಟರ್ ಸಭೆಗೆ ಬಂದರು. ಈ ಸಲ ಹಿಂದಿನ ಕುರ್ಚಿಯಲ್ಲಿ ಕೂರಲಿಲ್ಲ, ಮುಂದೆಯೇ ಕೂತರು. ಪಿಮ್ ಅವರನ್ನೂ ಡಗ್ಲಸ್ ಅವರನ್ನೂ ಅವರೇ ಹೇಳಿ ಕರೆಸಿದ್ದರು. ಒಂದು ಗಂಟೆ ಕಾಲ ಸದಸ್ಯರು ಟೇಪು ಹಿಡಿದು, ಪೆನ್ಸಿಲಿನಲ್ಲಿ ಗೀಟು ಹಾಕಿ, ಅಳಿಸಿ, ಮತ್ತೆ ಹಾಕಿ ನೋಡಿದರು. ದೈತ್ಯನನ್ನು ಎಷ್ಟು ಮುದುರಿದರೂ ಇನ್ನೊಂದು ಜಾಗ ಹುಟ್ಟಲಿಲ್ಲ.

ಹೆಸ್ಟರ್ ಕೈಚೀಲವನ್ನು ಮಡಿಲ ಮೇಲಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದರು. ಕೊನೆಗೆ ಹೇಳಿದರು: "ಅವನನ್ನ ಎಬ್ಬಿಸಿ ನಿಲ್ಲಿಸಿ."

"ಏನಂದ್ರಿ?" ಎಂದರು ಪಿಮ್.

"ನಿಂತ್ಕೊಂಡ್ರೆ ಎಷ್ಟು ಜಾಗ ಬೇಕು? ಬಾಗಿಲಗಲ. ತಲೆಗಲ್ಲಿನ ಹತ್ರ ನಿಂತ್ಕೊಳ್ಲಿ. ಅದರ ಪಕ್ಕದ ಜಾಗ ಪ್ರೂ ತಗೊಳ್ಲಿ. ಮರ ಅಷ್ಟೇನೂ ಅಡ್ಡ ಬರಲ್ಲ, ನಾನು ಹೋಗಿ ನೋಡಿದ್ದೀನಿ. ಅಂಗಡಿ ಬಾಗಿಲು, ಗಲ್ಲಾಪೆಟ್ಟಿಗೆ ಎರಡೂ ಕಾಣುತ್ತೆ."

ಗಲ್ಲಾಪೆಟ್ಟಿಗೆ ಎಂಬ ಮಾತಿಗೆ ಅಧ್ಯಕ್ಷರು ತಲೆ ಎತ್ತಿದರು.

ಪಿಮ್ ಅವರು ಪೆನ್ನಿನ ತುದಿಯನ್ನು ತುಟಿಗೆ ಒತ್ತಿಕೊಂಡು ಯೋಚಿಸಿದರು. ಇದರಲ್ಲಿ ನಿಯಮಕ್ಕೆ ವಿರುದ್ಧವಾದದ್ದು ಏನೂ ಅವರಿಗೆ ಸಿಗಲಿಲ್ಲ. "ಆದ್ರೆ ಆಳ?" ಎಂದರು. "ಇಪ್ಪತ್ತೊಂದು ಅಡಿ ಅಂದ್ರೆ ಕನಿಷ್ಠ ಇಪ್ಪತ್ತೈದು ಅಡಿ ಗುಂಡಿ ಬೇಕು. ಕೆಳಗೆಲ್ಲ ಸುಣ್ಣಗಲ್ಲು. ಆ ಕಾಲದಲ್ಲಿ ಅಷ್ಟು ಆಳ ಯಾರು ತೋಡಿದ್ರು?"

"ಅವನೇ ತೋಡಿರ್ಬೇಕು," ಎಂದರು ಕ್ಲೆಮ್ ಡ್ರೂರಿ. "ಕೆಲಸದೋನು ತಾನೇ? ಒಳಗಿಳಿದು ತೋಡ್ತಾ ಹೋದ, ಆಮೇಲೆ ಹತ್ತಕ್ಕಾಗ್ಲಿಲ್ಲ. ಅದಕ್ಕೇ ಸತ್ತಿದ್ದು."

ಬ್ರಂಡಲ್ ಸತ್ತ ಕಾರಣ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಇದನ್ನು ಪ್ರತ್ಯೇಕವಾಗಿ ದಾಖಲಿಸಲಾಯಿತು.

ಪಾದ್ರಿಗಳ ಅಭಿಪ್ರಾಯ ಕೇಳಲಾಯಿತು. "ಧರ್ಮದ ದೃಷ್ಟಿಯಿಂದ ತೊಂದರೆ ಇಲ್ಲ," ಎಂದರು. "ಕಡೇ ದಿನ ಎಲ್ಲರೂ ಎದ್ದು ನಿಲ್ಲಬೇಕು. ಅವನು ಆಗ್ಲೇ ನಿಂತಿರ್ತಾನೆ. ಒಬ್ಬರ ಕೆಲಸ ಕಡಿಮೆಯಾಯ್ತು."

ಎಲ್ಲರೂ ಡಗ್ಲಸ್ ಕಡೆ ತಿರುಗಿದರು. ಅವರು ಹೆಸ್ಟರ್ ಕೊಟ್ಟ ಬ್ರೆಡ್ಡಿನ ಚೂರುಗಳನ್ನು ಅಂಗಿಯಿಂದ ಆಯ್ದುಕೊಳ್ಳುತ್ತಿದ್ದರು. ನಿಂತುಕೊಂಡು ಮಲಗುವುದು ಅವರ ಕುಟುಂಬದಲ್ಲಿ ಉಂಟೇ ಎಂದು ಪಿಮ್ ಕೇಳಿದರು.

"ಬಸ್ಸಲ್ಲಿ ನಾನು ನಿಂತೇ ನಿದ್ದೆ ಮಾಡೋದು ಸಾರ್. ಸೀಟಲ್ಲಿ ಮಂಡಿ ಹಿಡಿಸಲ್ಲ. ನಮ್ಮಮ್ಮನೂ ಹಂಗೇ. ಎಲ್ಲಾದ್ರೂ ಒರಗ್ಕೊಳ್ಳೋಕೆ ಸಿಕ್ರೆ ಆಯ್ತು, ಕಣ್ಣು ಹತ್ಬಿಡುತ್ತೆ." ಅವರು ಹೆಸ್ಟರ್ ಮುಖ ನೋಡಿದರು. "ಅವರಿಗೂ ಹಂಗೇ ಅನುಕೂಲ ಅಂತ ನಂಗನ್ಸುತ್ತೆ. ಯಾವತ್ತಿಂದ ಮಲಗಿದ್ದಾರೆ, ಪಾಪ."

ಸದರಿ ದೈತ್ಯನು ನಿಂತಿರುವನೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಅಧ್ಯಕ್ಷರ ಗೂಟವನ್ನು ಮರುದಿನ ಬೆಳಿಗ್ಗೆ ಹೆಸ್ಟರ್ ಅವರೇ ಕಿತ್ತು, ತಲೆಗಲ್ಲಿನ ಪಕ್ಕಕ್ಕೆ ಒಯ್ದು, ಟೀ ಅಂಗಡಿಯ ಬಾಗಿಲಿಗೆ ಸರಿಯಾಗಿ ನೇರ ಇದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡಿ ನೆಟ್ಟರು. ಆರ್ನಾಲ್ಡ್ ಪಕ್ಕದ ಜಾಗಕ್ಕೆ ಗೂಟ ಬೇಡವೆಂದರು. ಅಲ್ಲಿ ಒಂದು ಮಡಚುವ ಕುರ್ಚಿ ಹಾಕಿಕೊಂಡು ಸಂಜೆ ಹೊತ್ತು ಹೆಣೆಯುತ್ತ ಕೂರತೊಡಗಿದರು.

ಇದರ ಫಲವಾಗಿ ಗ್ರಾಮಕ್ಕೆ ಒಳ್ಳೆಯದೇ ಆಯಿತು. ಹೆದ್ದಾರಿ ಬೋರ್ಡಿನಲ್ಲಿ ‘ನಿಂತಿರುವ’ ಎಂಬ ಪದ ಸೇರಿತು. ಮಲಗಿದ ದೈತ್ಯರು ಬೇರೆ ಊರುಗಳಲ್ಲೂ ಇದ್ದಾರೆ. ನಿಂತವನು ನಮ್ಮಲ್ಲಿ ಮಾತ್ರ. ಅಧ್ಯಕ್ಷರು ಬಿಸ್ಕತ್ತುಗಳನ್ನು ಪೊಟ್ಟಣದಲ್ಲಿ ಅಡ್ಡಕ್ಕೆ ಇಡುವ ಬದಲು ನೆಟ್ಟಗೆ ನಿಲ್ಲಿಸಿ ಮಾರತೊಡಗಿದರು, ಮುರಿಯುವುದೂ ಕಡಿಮೆಯಾಯಿತು. ಡಗ್ಲಸ್ ಬ್ರಂಡಲ್ ಅವರನ್ನು ಪಂಚಾಯಿತಿಯ ಗೌರವ ಸಲಹೆಗಾರರನ್ನಾಗಿ ನೇಮಿಸಿ, ಸಭಾಂಗಣದ ಬಾಗಿಲನ್ನು ಒಂದಡಿ ಎತ್ತರಿಸಲಾಯಿತು. ತಲೆಗಲ್ಲಿನ ಮುಂದೆ ನಾನು ಒಂದು ಫಲಕ ಹಾಕಿದೆ: "ಈ ಹುಲ್ಲಿನ ಮೇಲೆ ಯಾರೂ ಕಾಲಿಡಬಾರದು. ಕೆಳಗೆ ತಲೆ ಇದೆ."

ಮೊದಮೊದಲು ಜನ ನಕ್ಕರು. ಆಮೇಲೆ ಸುತ್ತಿಕೊಂಡು ಹೋಗತೊಡಗಿದರು. ಈಗ ಹುಲ್ಲಿನಲ್ಲಿ ದುಂಡಗೆ ಒಂದು ಕಾಲುದಾರಿಯೇ ಬಿದ್ದಿದೆ. ಭಾನುವಾರ ಚರ್ಚಿಗೆ ಬರುವ ಗಂಡಸರು ಅಲ್ಲಿ ಟೋಪಿ ಮುಟ್ಟುತ್ತಾರೆ. ಆ ಜಾಗದಲ್ಲಿ ಜೋರಾಗಿ ಮಾತಾಡಿದರೆ ಹೆಸ್ಟರ್ ಹೆಣಿಗೆಯಿಂದ ತಲೆ ಎತ್ತಿ ನೋಡುತ್ತಾರೆ.

ಸೆಪ್ಟೆಂಬರಿನಲ್ಲಿ ಪಿಮ್ ಅವರು ವಾರ್ಷಿಕ ತಪಾಸಣೆಗೆ ಬಂದರು. ತಲೆಗಲ್ಲು ಸರಿದಿಲ್ಲ, ಕಾಲುಗಲ್ಲು ಸರಿದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಟೇಪು ಸುತ್ತಿಕೊಳ್ಳುತ್ತ ಹಿಂದೆ ಹಿಂದೆ ಸರಿದವರು ಫಲಕದ ಮುಂದಿನ ಹುಲ್ಲಿನ ಮೇಲೆ ಕಾಲಿಟ್ಟುಬಿಟ್ಟರು.

"ಸ್ವಾಮಿ, ತಲೆ," ಎಂದರು ಹೆಸ್ಟರ್ ಕುರ್ಚಿಯಿಂದಲೇ.

ಪಿಮ್ ಚಟ್ಟನೆ ಪಕ್ಕಕ್ಕೆ ಸರಿದರು. ನೆಲದ ಕಡೆ ಬಾಗಿ, "ಕ್ಷಮಿಸಿ," ಎಂದರು. ಉತ್ತರಕ್ಕೆ ಕಾಯುವವರ ಹಾಗೆ ಒಂದು ಗಳಿಗೆ ಬಾಗಿಯೇ ಇದ್ದರು. ಆಮೇಲೆ ಮಳೆಯಂಗಿಯ ಗುಂಡಿಗಳನ್ನು ಹಾಕಿಕೊಂಡು, ಗೋಪುರವನ್ನೂ ಮರಗಳನ್ನೂ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

"ನಾನಿರೋದು ಟೌನಲ್ಲಿ," ಎಂದರು ಮೆಲ್ಲಗೆ. "ಆ ನೆಲಹಾಸಿನ ಗೋದಾಮು ನಿಮಗೆ ಗೊತ್ತಲ್ಲ."

"ಗೊತ್ತು ಸಾರ್."

"ತಲೆಗಲ್ಲಿನ ಎಡಕ್ಕೆ ಸ್ವಲ್ಪ ಜಾಗ ಉಳಿದ ಹಾಗೆ ಕಾಣುತ್ತೆ. ಅವರ ಕೈ ಅಲ್ಲಿಗೆ ಬರುತ್ತಾ?"

ನಾನು ಅಭಿಪ್ರಾಯ ಹೇಳುವಂತಿಲ್ಲ ಎಂದು ತಿಳಿಸಿ, ವಿಷಯವನ್ನು ಮುಂದಿನ ಸಭೆಗೆ ಮಂಡಿಸಿದೆ. ಡಗ್ಲಸ್ ಅವರ ಹೇಳಿಕೆ ಪಡೆಯಲಾಯಿತು. ಶ್ರೀ ಬ್ರಂಡಲ್ ಅವರ ಎಡಗೈ ಜೇಬಿನಲ್ಲಿದೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.